ಚಿತ್ರಕಾರ ಹೆಬ್ಬಾರರೂ ನಮ್ಮೂರಿನ ಚಿತ್ರವೂ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಯಾವ ವಿಷಯವನ್ನಾದರೂ ಆರಿಸಿಕೊಂಡು ನಾಲ್ಕು ಮಾತು ಆಡಿರೆಂದು ಸಂಘದವರು ಈ ವರ್ಷ ನಮಗೆ ಸ್ವಾತಂತ್ರ್ಯ ಕೊಟ್ಟಿದ್ದಾರೆ. ವಿದ್ಯಾದಾನದ ಮಹಿಮೆಯನ್ನು ಕುರಿತು ಪ್ರತಿವರ್ಷವೂ ಭಾಷಣಗಳು ನಡೆಯುತ್ತಲೇ ಇರುವುದರಿಂದ, ಒಂದು ವರ್ಷದ ಮಟ್ಟಿಗೆ ಅದನ್ನು ಬಿಟ್ಟರೆ ಯಾರೂ ಬೇಸರಪಡಲಾರರೆಂದು ನಂಬಿ, ಚಿತ್ರಕಾರ ಕೆ. ಕೆ. ಹೆಬ್ಬಾರರ ವಿಷಯವನ್ನು ಎತ್ತಿಕೊಂಡಿದ್ದೇವೆ. ಆದರೆ ಅವರ ಮಾತಿಗೆ ಬರುವ ಮೊದಲು ನಮ್ಮದೇ ಒಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಆ ತಪ್ಪೇ ಈ ಭಾಷಣಕ್ಕೆ ಕಾರಣ.

ದಸರೆಯ ಸಮಯದಲ್ಲಿ ನಮ್ಮ ಶಾಲೆಯ ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆಯನ್ನು ಏರ್ಪಡಿಸಿದ್ದುದು ನಿಮಗೆ ನೆನಪಿರಬಹುದು. ವಿಷಯ ‘ನಮ್ಮ ಊರು’. ತೀರ್ಪು ಕೊಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಕಾಗದಗಳನ್ನು ಒಂದೊಂದಾಗಿ ತಿರುವಿದೆವು. ಬಹುಮಟ್ಟಿಗೆ ಎಲ್ಲದರಲ್ಲಿಯೂ ಎರಡು ಮುಕ್ಕೋನದ ಬೆಟ್ಟಗಳು. ಅವುಗಳ ನಡುವೆ ಉದಯಿಸುವ ಸೂರ್ಯ. ಬೆಟ್ಟದ ಬುಡದಿಂದ ಹಾವಿನಂತೆ ಹರಿದು ಬರುವ ಹೊಳೆ. ದಡದಲ್ಲಿ ಒಂದು ತೆಂಗಿನ ಮರ, ಒಂದು ಹೆಂಚಿನ ಮನೆ, ಆಕಾಶದಲ್ಲಿ ನಾಲ್ಕು ಹಕ್ಕಿಗಳು. ಅತ್ಯಂತ ಅಚ್ಚುಕಟ್ಟಾಗಿ ಬೆಟ್ಟ ಬರೆದವರಿಗೆ ಮೊದಲ ಬಹುಮಾನವನ್ನು ಕೊಟ್ಟೆವು. ನಮ್ಮ ಧರೂರಿನಲ್ಲಿ ಅಂತಹ ಬೆಟ್ಟಗಳು ಎಲ್ಲಿವೆಯೆಂದು ಕೇಳಿಕೊಳ್ಳುವ ಬುದ್ಧಿ ಆಗ ನಮಗೆ ಬರಲಿಲ್ಲ. ನಮ್ಮ ಸೂರ್ಯನು ಹತ್ತಿಯ ಹೊಲದ ಬದುವಿನಿಂದ ಏಳುತ್ತಾನೆ. ನಮ್ಮ ಕೃಷ್ಣೆಯು ಜುರಾಲದ ಕಟ್ಟೆಯ ಹಿಂದೆ ಸಮುದ್ರದಂತೆ ಹರಡಿ ನಿಂತಿದ್ದಾಳೆ. ಬೇಸಿಗೆಯಲ್ಲಿ ಕಟ್ಟೆಯ ಕೆಳಗೆ ಬಂಡೆಗಳ ನಡುವೆ ಎಳೆಯಾಗಿ ಹರಿಯುತ್ತಾಳೆ. ಈ ಎರಡು ರೂಪಗಳೂ ಒಂದು ಕಾಗದದಲ್ಲಿಯೂ ಇರಲಿಲ್ಲ.

ಒಬ್ಬ ಹುಡುಗನು ಮಾತ್ರ ಬೇರೆ ಏನನ್ನೋ ಬರೆದಿದ್ದನು. ಅರ್ಧ ಕಟ್ಟಿದ ಎತ್ತರದ ಕಟ್ಟಡ, ಅದರ ನೆತ್ತಿಯಲ್ಲಿ ಭಾರ ಎತ್ತುವ ಉದ್ದ ಕೈಯ ಯಂತ್ರ, ಕೆಳಗೆ ಸಾಲಾಗಿ ತಗಡಿನ ಗುಡಿಸಲುಗಳು. ಅವನ ತಂದೆತಾಯಿಗಳು ಪುಣೆಯ ಕಡೆಗೆ ಕಟ್ಟಡದ ಕೂಲಿಗೆ ಹೋಗುವವರು. ಪಾಲಮೂರಿನ ಕೂಲಿಗಳೆಂದರೆ ಅಣೆಕಟ್ಟು ಕಟ್ಟುವಲ್ಲಿ, ರಸ್ತೆ ಹಾಕುವಲ್ಲಿ ದೇಶದಲ್ಲೆಲ್ಲ ಹೆಸರಾದವರಷ್ಟೆ. ನಾವು ಆ ಕಾಗದದ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ‘ವಿಷಯಕ್ಕೆ ಹೊಂದಿಲ್ಲ’ ಎಂದು ಬರೆದು ಬದಿಗಿರಿಸಿದೆವು.

ಕೆಲವು ದಿನಗಳ ತರುವಾಯ ಮನೆಯಲ್ಲಿ ಹೆಬ್ಬಾರರ ರೇಖಾಚಿತ್ರಗಳನ್ನು ನೋಡುತ್ತ ಕುಳಿತಿದ್ದಾಗ ಆ ಕೆಂಪು ಅಕ್ಷರಗಳು ನಮ್ಮನ್ನು ಚುಚ್ಚತೊಡಗಿದುವು. ಏಕೆಂಬುದನ್ನು ಹೇಳುತ್ತೇವೆ.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದುದು ೧೯೧೧ರಲ್ಲಿ, ಉಡುಪಿಯ ಸಮೀಪದ ಕಟ್ಟಿಂಗೇರಿ ಎಂಬ ಹಳ್ಳಿಯಲ್ಲಿ. ಮಕ್ಕಳೇ, ಆ ಸೀಮೆಯನ್ನು ನೀವು ಕಂಡಿರಲಾರಿರಿ. ನಮ್ಮಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ಅಲ್ಲಿ ಆಷಾಢದ ಒಂದೇ ತಿಂಗಳಿನಲ್ಲಿ ಸುರಿಯುವುದುಂಟು. ಒಂದು ಕಡೆಗೆ ಕಡಲು, ಇನ್ನೊಂದು ಕಡೆಗೆ ಘಟ್ಟ, ನಡುವೆ ಗದ್ದೆ, ತೋಟ, ಹೊಳೆ. ಸುಗ್ಗಿ ಮುಗಿದರೆ ಬಯಲಿನಲ್ಲಿ ರಾತ್ರಿಯಿಡೀ ಯಕ್ಷಗಾನ. ಚೆಂಡೆಯ ಸದ್ದು ಎರಡು ಊರುಗಳ ಆಚೆಗೂ ಕೇಳುವುದು. ದೀಪದ ಬೆಳಕಿನಲ್ಲಿ ಕೆಂಪು, ಕಪ್ಪು, ಹಳದಿಯ ವೇಷಗಳು ಗಿರ್ರನೆ ತಿರುಗುವುವು. ಅವರ ಮನೆಯ ಮಾತು ತುಳು, ಶಾಲೆಯ ಮಾತು ಕನ್ನಡ, ಆಗಿನ ಮದರಾಸು ಸರ್ಕಾರದ ಮಾತು ಇಂಗ್ಲಿಷು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ಅರ್ಧ ಉರ್ದು ಆಡಿಕೊಂಡು ಬೆಳೆಯುವ ನಿಮಗೆ ಈ ಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ಕಾಲದಲ್ಲಿ ಉಡುಪಿಯ ಸೀಮೆಯಿಂದ ಮುಂಬಯಿಗೆ ಹೋಗುವ ಯುವಕರು ಬಹು ಮಂದಿ. ಹೆಚ್ಚಿನವರು ಹೋಟೆಲುಗಳಲ್ಲಿ ದುಡಿಯುತ್ತಿದ್ದರು; ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮುಂದೆ ಬಂದವರ ಕಥೆಗಳು ಆ ಕಡೆಯ ಮನೆಮನೆಗಳಲ್ಲಿ ಇವೆ. ಹೆಬ್ಬಾರರು ಚಿತ್ರವಿದ್ಯೆಯನ್ನು ಅರಸಿ ಮುಂಬಯಿ ಸೇರಿದರು. ಅಲ್ಲಿ ಜಿ. ಎಸ್. ದಂಡಾವತಿಮಠರೆಂಬ ಕನ್ನಡಿಗ ಕಲಾವಿದರು ನಡೆಸುತ್ತಿದ್ದ ನೂತನ ಕಲಾಮಂದಿರವೆಂಬ ಶಾಲೆ ಇದ್ದಿತು. ಪರಸ್ಥಳದಲ್ಲಿ ನಮ್ಮವರು ಒಂದು ಬಾಗಿಲನ್ನು ತೆರೆದಿಟ್ಟರೆ ಎಷ್ಟು ಜನರು ಅದರೊಳಗಿಂದ ಹಾದುಹೋಗುವರೆಂಬುದಕ್ಕೆ ಆ ಶಾಲೆ ಸಾಕ್ಷಿ. ಹೆಬ್ಬಾರರು ಅಲ್ಲಿಂದ ಸರ್ ಜೆ. ಜೆ. ಕಲಾಶಾಲೆಯನ್ನು ಸೇರಿ ೧೯೩೮ರಲ್ಲಿ ಡಿಪ್ಲೊಮಾ ಪಡೆದರು. ೧೯೪೦ರಿಂದ ೧೯೪೫ರವರೆಗೆ ಅದೇ ಶಾಲೆಯಲ್ಲಿ ಉಪಾಧ್ಯಾಯರಾಗಿಯೂ ಇದ್ದರು.

೧೮೫೭ರಲ್ಲಿ ಸ್ಥಾಪಿತವಾದ ಆ ಕಲಾಶಾಲೆಯಲ್ಲಿ ಕಲಿಕೆಯ ಕ್ರಮ ಬಹುಕಾಲ ವಿಲಾಯತಿಯದಾಗಿದ್ದಿತು. ಗ್ರೀಕರ ಪ್ರತಿಮೆಗಳ ಸುಣ್ಣಗಾರೆಯ ಅಚ್ಚುಗಳನ್ನು ಎದುರಿಗಿಟ್ಟು ನೆರಳು ಬೆಳಕುಗಳನ್ನು ಬರೆಯಬೇಕು. ಕಂಡುದನ್ನು ಕಂಡಂತೆ ಮೂಡಿಸುವುದೇ ಪಾಂಡಿತ್ಯ. ಈ ಶಿಕ್ಷಣವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಕೈಗೆ ಹದ ಬರುವುದು ಅದರಿಂದಲೇ. ಹೆಬ್ಬಾರರ ಕೈಗೂ ಹದ ಬಂದಿತು. ಆದರೆ ಕೈ ಪಳಗಿದ ಮೇಲೆ ಅವರಿಗೆ ಸಂಶಯ ಹುಟ್ಟಿತು. ಯಥಾವತ್ತಾಗಿ ಬರೆದ ಮಾತ್ರಕ್ಕೆ ಅದು ತಮ್ಮ ಚಿತ್ರವಾಯಿತೇ ಎಂಬುದೇ ಆ ಸಂಶಯ. ಎರಡು ಬೆಟ್ಟಗಳ ನಡುವಿನ ಸೂರ್ಯನನ್ನು ಎಷ್ಟು ಅಚ್ಚುಕಟ್ಟಾಗಿ ಬರೆದರೂ ಅದು ಧರೂರಿನ ಸೂರ್ಯನಾಗದೆಂಬ ಮಾತು ನಮಗೆ ಹೊಳೆದುದು ಇಲ್ಲಿಯೇ.

ಈ ಸಂಶಯವು ಅವರನ್ನು ಹಳೆಯ ಜೈನ ಹಸ್ತಪ್ರತಿಗಳ ಚಿತ್ರಗಳಿಗೂ ರಜಪೂತ, ಮೊಗಲರ ಕಿರುಚಿತ್ರಗಳಿಗೂ ಕರೆದೊಯ್ದಿತು. ಆ ಚಿತ್ರಗಳಲ್ಲಿ ನೆರಳಿನ ಹಂಗಿಲ್ಲ. ರೇಖೆ ಮತ್ತು ಬಣ್ಣ ಇವೆರಡೇ ಮಾತನಾಡುವುವು. ಅಮೃತಾ ಶೇರ್‌ಗಿಲ್ ಎಂಬ ಚಿತ್ರಕಾರ್ತಿಯ ಕೃತಿಗಳೂ ಅವರ ಮೇಲೆ ಪ್ರಭಾವ ಬೀರಿದುವು. ಆಕೆ ೧೯೧೩ರಲ್ಲಿ ಹಂಗೇರಿ ದೇಶದಲ್ಲಿ ಹುಟ್ಟಿದವಳು. ತಾಯಿ ಹಂಗೇರಿಯವಳು, ತಂದೆ ಸಿಖ್ಖರು. ಪ್ಯಾರಿಸ್ಸಿನಲ್ಲಿ ಕಲಿತು ಭಾರತಕ್ಕೆ ಬಂದು, ಅಜಂತೆಯನ್ನೂ ದಕ್ಷಿಣದ ಹಳ್ಳಿಗಳನ್ನೂ ಸುತ್ತಿ, ಇಲ್ಲಿಯ ಬಡ ಹೆಂಗಸರ ಮೌನವನ್ನು ಚಿತ್ರಿಸಿ, ೧೯೪೧ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡಳು. ‘ಹೊರಗಿನವಳು’ ಎನ್ನಿಸಿಕೊಳ್ಳಬಹುದಾಗಿದ್ದವಳೊಬ್ಬಳು ‘ಒಳಗಿನವ’ರಿಗೆ ತಮ್ಮ ನೆಲವನ್ನು ನೋಡುವ ಕಣ್ಣು ಕೊಟ್ಟಳೆಂಬುದು ವಿಚಿತ್ರವಾದರೂ ಸತ್ಯ. ಹೆಬ್ಬಾರರ ಮೊದಮೊದಲ ಪ್ರಸಿದ್ಧ ಚಿತ್ರಗಳಲ್ಲಿ ಮಲೆಯಾಳದ ಜನರೂ ಅಲ್ಲಿಯ ಹಸಿರೂ ತುಂಬಿರುವುವು.

ಹೀಗೆ ತಮ್ಮ ದಾರಿ ಸಿಕ್ಕಿತೆಂದುಕೊಳ್ಳುವ ಹೊತ್ತಿಗೆ ಅವರು ಮತ್ತೆ ಹೊರಟರು. ೧೯೪೯ರಲ್ಲಿ ಯೂರೋಪಿಗೆ ಹೋಗಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾನ್ ಎಂಬ ಶಾಲೆಯಲ್ಲಿ ಅಭ್ಯಾಸ ಮಾಡಿದರು. ಉಪಾಧ್ಯಾಯರಾಗಿದ್ದವರು, ನಾಲ್ವತ್ತಕ್ಕೆ ಸಮೀಪವಾದ ವಯಸ್ಸು. ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕುಳಿತರು. ಹತ್ತನೆಯ ತರಗತಿ ಮುಗಿದೊಡನೆ ಪುಸ್ತಕಗಳನ್ನು ತೂಕಕ್ಕೆ ಹಾಕುವ ನಮ್ಮ ಹುಡುಗರು ಇದನ್ನು ಗಮನಿಸಬೇಕೆಂದು ಪ್ರಾರ್ಥನೆ.

ಆದರೆ ನಮಗೆ ಎಲ್ಲಕ್ಕಿಂತಲೂ ಹೆಚ್ಚು ಆಶ್ಚರ್ಯವನ್ನುಂಟುಮಾಡಿದ ಸಂಗತಿ ಬೇರೊಂದು. ಹೆಬ್ಬಾರರು ಪಂಡಿತ ಸುಂದರ ಪ್ರಸಾದರೆಂಬ ಗುರುಗಳ ಬಳಿ ಕಥಕ್ ನೃತ್ಯವನ್ನು ಕಲಿತರು. ರಂಗದ ಮೇಲೆ ಕುಣಿದು ಕೀರ್ತಿ ಪಡೆಯಬೇಕೆಂಬ ಆಸೆಯಿಂದಲ್ಲ. ಚಿತ್ರದ ರೇಖೆಗೆ ಲಯ ಎಲ್ಲಿಂದ ಬರುವುದೆಂಬುದನ್ನು ಮೈಯಿಂದಲೇ ಅರಿಯಬೇಕೆಂದು. ಕಥಕ್ಕಿನಲ್ಲಿ ಪಾದವು ನೆಲವನ್ನು ತಟ್ಟಿ ತಾಳವನ್ನು ನುಡಿಸುವುದು. ಮೈ ಚಕ್ರದಂತೆ ಸುತ್ತಿ ಸುತ್ತಿ ಬಂದು ಸಮದ ಮೇಲೆ ತಟ್ಟನೆ ನಿಲ್ಲುವುದು. ಈ ಸುತ್ತು, ಈ ನಿಲುಗಡೆ ಎರಡನ್ನೂ ತಿಳಿದ ಕೈ ಕಾಗದದ ಮೇಲೆ ಎಳೆದ ಗೆರೆಯನ್ನು ನೋಡಿದರೆ ಒಡನೆಯೇ ಗೊತ್ತಾಗುವುದು. ಹೆಬ್ಬಾರರ ನರ್ತಕಿಯ ಚಿತ್ರದಲ್ಲಿ ಕಣ್ಣುಮೂಗುಗಳ ವಿವರ ಅಷ್ಟಾಗಿ ಇರುವುದಿಲ್ಲ. ಭುಜದಿಂದ ಹೊರಟ ಗೆರೆ ನಡುವಿನಲ್ಲಿ ತಿರುಗಿ ಹಿಮ್ಮಡಿಯವರೆಗೆ ಇಳಿದು ಹೋಗಿರುವುದು. ನಮ್ಮ ಕಣ್ಣು ಅದರ ಹಿಂದೆಯೇ ಓಡುವುದು. ಅವರ ರೇಖೆಗಳನ್ನು ‘ಹಾಡುವ ರೇಖೆ’ಗಳೆಂದು ರಸಿಕರು ಕರೆದುದು ಸುಮ್ಮನೆ ಅಲ್ಲ.

ಆ ಲಯವು ಕಥಕ್ಕಿನ ಶಾಲೆಯಲ್ಲಿ ಮಾತ್ರ ಸಿಕ್ಕಿತೆಂದು ನಾವು ಒಪ್ಪಲಾರೆವು. ಬಾಲ್ಯದಲ್ಲಿ ಬಯಲಿನಲ್ಲಿ ನಿದ್ದೆಗೆಟ್ಟು ನೋಡಿದ ಯಕ್ಷಗಾನದ ಸುತ್ತು ಆ ಕೈಯಲ್ಲಿ ಮೊದಲೇ ಇದ್ದಿರಬೇಕು. ಮುಂಬಯಿಯಲ್ಲಿ ನೆಲೆಸಿ ವೆನಿಸ್, ಸಾವೊ ಪೌಲೊ, ಟೋಕಿಯೊ ನಗರಗಳ ಪ್ರದರ್ಶನಗಳವರೆಗೆ ಹೋದ ಮೇಲೂ ಯಕ್ಷಗಾನದ ವೇಷ, ಕೋಳಿಯ ಅಂಕ, ದನಗಳ ಸಂತೆ ಇವು ಅವರ ಚಿತ್ರಗಳಿಗೆ ಮತ್ತೆ ಮತ್ತೆ ಬಂದುವು. ಊರನ್ನು ಬಿಟ್ಟು ಬಂದುದಕ್ಕಾಗಿ ಅಳುತ್ತ ಬರೆದ ಚಿತ್ರಗಳಲ್ಲ ಅವು. ಕೋಳಿಗಳೆರಡು ಗಾಳಿಯಲ್ಲಿ ಎಗರಿ ತಾಗುವ ಕ್ಷಣದ ಬಿರುಸನ್ನು ಹೇಳಬೇಕಾದಾಗ, ಅವರ ಕೈಗೆ ಗೊತ್ತಿದ್ದ ಭಾಷೆ ಅದಾಗಿದ್ದಿತು.

ಇನ್ನು ಗಡಿಯ ಮಾತು. ಇದನ್ನು ಹೇಳದೆ ಧರೂರಿನಲ್ಲಿ ಯಾವ ಭಾಷಣವೂ ಮುಗಿಯಲಾರದು.

೧೯೫೬ನೆಯ ಇಸವಿ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತಷ್ಟೆ. ಅದಕ್ಕೆ ಹಿಂದಿನ ದಿನದವರೆಗೆ ನಮ್ಮ ಗದ್ವಾಲ ತಾಲ್ಲೂಕು, ನೆರೆಯ ಆಲಂಪುರ ತಾಲ್ಲೂಕಿನೊಡನೆ, ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದಿತು. ರಾಯಚೂರು ಮೈಸೂರಿಗೆ ಹೋಯಿತು; ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಬಂದುವು. ಅದೇ ದಿನ ಹೆಬ್ಬಾರರ ಹುಟ್ಟೂರು ಮದರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿತು. ಅವರದೇ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಹೋಯಿತು. ಅವರು ವಾಸವಾಗಿದ್ದ ಮುಂಬಯಿ ೧೯೬೦ರಲ್ಲಿ ಮಹಾರಾಷ್ಟ್ರದ ರಾಜಧಾನಿಯಾಯಿತು. ಚಿತ್ರಕಾರರು ತಮ್ಮ ಕೊಠಡಿಯಲ್ಲಿ ಕುಂಚ ಹಿಡಿದು ಕುಳಿತಿದ್ದಂತೆಯೇ ಅವರ ಹಿಂದೆಯೂ ಮುಂದೆಯೂ ನಕಾಶೆಯ ಗೆರೆಗಳು ಸರಿದಾಡಿದುವು.

ನಮ್ಮ ಊರಿನ ಹಿರಿಯ ಅಜ್ಜಿಯರನ್ನು ನೋಡಿರಿ. ನಿಜಾಮರ ಆಳಿಕೆಯಲ್ಲಿ ಹುಟ್ಟಿದವರು ೧೯೪೮ರ ತರುವಾಯ ಹೈದರಾಬಾದು ರಾಜ್ಯದವರಾದರು, ೧೯೫೬ರಲ್ಲಿ ಆಂಧ್ರಪ್ರದೇಶದವರಾದರು, ೨೦೧೪ರಲ್ಲಿ ತೆಲಂಗಾಣದವರಾದರು. ಜಿಲ್ಲೆಯೂ ರಾಯಚೂರಿನಿಂದ ಮಹಬೂಬನಗರವಾಗಿ, ೨೦೧೬ರಿಂದ ಜೋಗುಳಾಂಬ ಗದ್ವಾಲವಾಯಿತು. ನಾಲ್ಕು ಸರ್ಕಾರ, ಮೂರು ಜಿಲ್ಲೆ. ಅಜ್ಜಿ ಮಾತ್ರ ಅದೇ ಹೊಸ್ತಿಲಿಗೆ ಅದೇ ರಂಗೋಲಿ ಹಾಕುತ್ತಿರುವಳು. ಊರನ್ನು ಬಿಟ್ಟು ಹೋದವನು ಮಾತ್ರ ವಲಸೆಗಾರನೆಂದು ಹೇಳುವವರಿಗೆ ಇಲ್ಲಿ ಒಂದು ತೊಡಕಿದೆ. ನಾವು ಎಲ್ಲಿಗೂ ಹೋಗಲಿಲ್ಲ. ಆದರೂ ಕನ್ನಡ ಶಾಲೆಯ ಅರ್ಜಿಯನ್ನು ಹಿಡಿದು ಕಚೇರಿಗೆ ಹೋದರೆ ‘ನೀವು ಆ ಕಡೆಯವರೋ’ ಎನ್ನುವರು. ರಾಯಚೂರಿಗೆ ಹೋದರೆ ನಮ್ಮ ಕನ್ನಡವನ್ನು ಕೇಳಿ ‘ತೆಲಂಗಾಣದವರಲ್ಲವೇ’ ಎನ್ನುವರು. ಇದನ್ನು ಕೇಳಿ ಕೋಪ ಮಾಡಿಕೊಂಡ ಕಾಲವೂ ಉಂಟು. ಈಗ ಇಬ್ಬರಿಗೂ ಹೌದೆನ್ನುತ್ತೇವೆ.

ನಮ್ಮ ಗದ್ವಾಲದ ಸೀರೆಯನ್ನು ನೇಯುವುದನ್ನು ಮಕ್ಕಳು ನೋಡಿರಬಹುದು. ಒಡಲಿನದು ಹತ್ತಿಯ ನೂಲು, ಅಂಚು ಸೆರಗುಗಳದು ರೇಷ್ಮೆ. ಅಂಚನ್ನು ಬೇರೆ ನೇಯ್ದು ತಂದು ಹೊಲಿಯುವುದಲ್ಲ. ನೇಯುತ್ತಿರುವಾಗಲೇ ಒಡಲಿನ ಹೊಕ್ಕನ್ನೂ ಅಂಚಿನ ಹೊಕ್ಕನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತ ಹೋಗುವರು. ಕೆಲಸ ನಿಧಾನ, ಕೂಲಿ ಅಲ್ಪ. ಆದರೆ ಸೀರೆಯನ್ನು ಜನರು ಗುರುತಿಸುವುದು ಅದರ ಅಂಚಿನಿಂದಲೇ ಅಲ್ಲವೇ? ಈ ಮಾತನ್ನು ಇಲ್ಲಿಗೇ ಬಿಡುತ್ತೇವೆ.

ನಮ್ಮ ಹೈದರಾಬಾದು ಸೀಮೆಯವರೇ ಆದ ಎಸ್. ಎಂ. ಪಂಡಿತರನ್ನೂ ಒಂದು ಮಾತಿನಲ್ಲಿ ಸ್ಮರಿಸಬೇಕು. ಅವರು ಹುಟ್ಟಿದುದು ೧೯೧೬ರಲ್ಲಿ ಕಲಬುರಗಿಯಲ್ಲಿ. ಅವರೂ ಮುಂಬಯಿಗೆ ಹೋಗಿ ದಂಡಾವತಿಮಠರ ಶಾಲೆಯಲ್ಲಿಯೇ ಕಲಿತು, ಸಿನಿಮಾದ ಭಿತ್ತಿಚಿತ್ರಗಳಿಂದಲೂ ಪುರಾಣದ ಚಿತ್ರಗಳಿಂದಲೂ ಮನೆಮಾತಾದರು. ಕನ್ಯಾಕುಮಾರಿಯ ಸ್ಮಾರಕದಲ್ಲಿರುವ ವಿವೇಕಾನಂದರ ಚಿತ್ರ ಅವರದು. ಪಂಡಿತರು ಕಲಬುರಗಿಗೆ ಮರಳಿದರು. ಹೆಬ್ಬಾರರು ಮುಂಬಯಿಯಲ್ಲಿಯೇ ಉಳಿದು ೧೯೯೬ರಲ್ಲಿ ಅಲ್ಲಿಯೇ ತೀರಿಕೊಂಡರು. ಮರಳಿದವರು ದೊಡ್ಡವರೋ, ಉಳಿದವರು ದೊಡ್ಡವರೋ ಎಂದು ಚರ್ಚಾಕೂಟ ಏರ್ಪಡಿಸುವುದು ಬೇಡ. ಹೆಬ್ಬಾರರ ಚಿತ್ರಗಳ ಒಂದು ಸಂಗ್ರಹ ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯರು ಅಂಗಡಿ ಬೀದಿಗೆ ಕೊಡುವ ಸಮಯದಲ್ಲಿ ಒಂದು ಗಂಟೆಯನ್ನು ಅದಕ್ಕೂ ಮೀಸಲಿಡಬಹುದು.

ಪ್ರಕೃತಿಯೆಂದರೆ ಹೂವು, ಹಕ್ಕಿ, ಜಲಪಾತ ಎಂದು ನಮ್ಮ ಪಠ್ಯಪುಸ್ತಕಗಳು ಕಲಿಸಿರುವುವು. ಹೆಬ್ಬಾರರ ಪ್ರಕೃತಿ ಅಷ್ಟಕ್ಕೆ ನಿಲ್ಲುವುದಿಲ್ಲ. ಹಸಿವಿನಿಂದ ಬಾಡಿದ ಮೈಯನ್ನೂ ಅವರು ಚಿತ್ರಿಸಿದರು. ಅಣುಬಾಂಬು ಸಿಡಿದ ಮೇಲಿನ ಹಾಳನ್ನೂ ಚಿತ್ರಿಸಿದರು. ಮನುಷ್ಯನು ಉಣ್ಣುವುದೂ ಉಪವಾಸ ಬೀಳುವುದೂ ಪ್ರಕೃತಿಯ ಒಳಗೆಯೇ ತಾನೆ? ಮಳೆ ತಪ್ಪಿದ ವರ್ಷದಲ್ಲಿ ನಮ್ಮ ಜನರು ಮನೆಗೆ ಬೀಗ ಹಾಕಿ ಲಾರಿ ಹತ್ತುವುದು, ಮಕ್ಕಳ ಹಾಜರಿ ಪುಸ್ತಕದಲ್ಲಿ ಸಾಲುಸಾಲಾಗಿ ಗೈರುಹಾಜರಿ ಬೀಳುವುದು, ಇವು ಈ ನೆಲದ ಪ್ರಕೃತಿಗೆ ಸಂಬಂಧಪಟ್ಟ ಸಂಗತಿಗಳೇ.

ಇಲ್ಲಿ ಕುಳಿತಿರುವ ತಂದೆತಾಯಿಗಳ ಮನಸ್ಸಿನಲ್ಲಿರುವ ಪ್ರಶ್ನೆ ನಮಗೆ ತಿಳಿಯದೆ ಇಲ್ಲ. ಗೀಚುವುದರಿಂದ ಹೊಟ್ಟೆ ತುಂಬುವುದೇ? ಹೆಬ್ಬಾರರಿಗೆ ೧೯೬೧ರಲ್ಲಿ ಪದ್ಮಶ್ರೀಯೂ ೧೯೮೯ರಲ್ಲಿ ಪದ್ಮಭೂಷಣವೂ ದೊರೆತುವೆಂದು ಹೇಳಿ ನಿಮಗೆ ಆಸೆ ತೋರಿಸಲು ನಾವು ಬಂದಿಲ್ಲ. ಸಾವಿರ ಜನರಲ್ಲಿ ಒಬ್ಬರಿಗೂ ಅದು ಸಿಗಲಾರದು. ಆದರೆ ಕಟ್ಟಡದ ನಕ್ಷೆಯನ್ನು ಓದಬಲ್ಲವನು ಮೇಸ್ತ್ರಿಯಾಗುವನು, ಓದಲಾರದವನು ಗಾರೆ ಹೊರುವನು. ಅಂಚಿನ ಬುಟ್ಟಾವನ್ನು ಚೌಕುಳಿಯ ಕಾಗದದ ಮೇಲೆ ತಾನೇ ಬರೆಯಬಲ್ಲ ನೇಕಾರನು ಇನ್ನೊಬ್ಬರ ಬಾಗಿಲು ಕಾಯಬೇಕಾಗಿಲ್ಲ. ಇದು ಹೊಟ್ಟೆಯ ಲೆಕ್ಕ. ಇದಲ್ಲದೆ ಇನ್ನೊಂದು ಲೆಕ್ಕವಿದೆ. ಅದನ್ನು ಆ ಹುಡುಗನ ಚಿತ್ರವೇ ನಮಗೆ ಕಲಿಸಿತು.

ಬದಿಗಿರಿಸಿದ್ದ ಆ ಕಾಗದವನ್ನು ನಾವು ಮರುದಿನ ಶಾಲೆಗೆ ಹೋಗಿ ಹುಡುಕಿ ತೆಗೆಸಿದೆವು. ಈ ಸಲ ಸಾವಕಾಶವಾಗಿ ನೋಡಿದೆವು. ತಗಡಿನ ಗುಡಿಸಲುಗಳ ಸಾಲಿನಲ್ಲಿ ಒಂದರ ಮುಂದೆ ಹೆಂಗಸೊಬ್ಬಳು ಕೊಡ ಹಿಡಿದು ನಿಂತಿದ್ದಾಳೆ. ಅವಳ ಸೀರೆಗೆ ಮಾತ್ರ ಅಗಲವಾದ ಅಂಚನ್ನು ಬಹಳ ಶ್ರದ್ಧೆಯಿಂದ ಬಣ್ಣ ತುಂಬಿ ಬರೆದಿದ್ದಾನೆ. ಗುಡಿಸಲಿನ ಪಕ್ಕದಲ್ಲಿ ಒಂದು ಬೇವಿನ ಮರ. ಆ ಜಾಗದಲ್ಲಿ ನಿಜವಾಗಿ ಬೇವಿನ ಮರ ಇದ್ದಿತೇ ಎಂದು ಅವನನ್ನು ಕರೆದು ಕೇಳಿದೆವು. ‘ಇಲ್ಲ ಸಾರ್, ಅಲ್ಲಿ ನೆರಳೇ ಇಲ್ಲ, ಅದಕ್ಕೇ ಹಾಕೀನಿ’ ಎಂದನು. ಗುಡಿಸಲಿನ ತಗಡಿನ ಬಾಗಿಲಿನ ಮೇಲೆ ಏನೋ ಸಣ್ಣದಾಗಿ ಗೀಚಿದಂತಿದ್ದಿತು. ಕನ್ನಡಕವನ್ನು ಒರಸಿಕೊಂಡು ನೋಡಿದೆವು. ಕನ್ನಡದ ಅಕ್ಷರಗಳಲ್ಲಿ ‘ಧರೂರು’ ಎಂದು ಬರೆದಿದ್ದನು.

ವಿಷಯ ‘ನಮ್ಮ ಊರು’ ಎಂದಿದ್ದಿತು. ‘ಹೊಂದಿಲ್ಲ’ ಎಂದು ಬರೆದವರು ನಾವು.

ಆ ಕೆಂಪು ಅಕ್ಷರಗಳನ್ನು ಅಳಿಸಲು ಪ್ರಯತ್ನಿಸಿದೆವು. ಕಾಗದ ಹರಿಯುವಂತಾದುದರಿಂದ ಹಾಗೆಯೇ ಬಿಟ್ಟೆವು. ಬಹುಮಾನವನ್ನು ಹಿಂದಕ್ಕೆ ಪಡೆಯುವುದು ಸರಿಯಲ್ಲ. ಬೆಟ್ಟ ಬರೆದ ಮಗುವಿನದೇನೂ ತಪ್ಪಿಲ್ಲ. ಮುಂದಿನ ವರ್ಷದಿಂದ ಅಂಗಡಿಯ ಬಣ್ಣದ ಪೆಟ್ಟಿಗೆಗಳ ಜೊತೆಗೆ ಕೆಮ್ಮಣ್ಣು, ಸುಣ್ಣ, ಅರಿಸಿನ, ಇದ್ದಿಲುಗಳನ್ನೂ ಮಕ್ಕಳ ಮುಂದಿಟ್ಟು, ಜುರಾಲದ ದಡಕ್ಕೋ ನೇಕಾರರ ಓಣಿಗೋ ಅವರನ್ನು ಕರೆದೊಯ್ದು ಅಲ್ಲಿಯೇ ಕೂರಿಸಿ ಬರೆಯಿಸಬೇಕೆಂದು ಸಂಘದವರಲ್ಲಿ ಕೇಳಿಕೊಂಡಿದ್ದೇವೆ. ಕಾಗದದ ಖರ್ಚನ್ನು ನಾವು ವಹಿಸಿಕೊಳ್ಳುತ್ತೇವೆ.

ಆ ಹುಡುಗನು ಈಗ ಈ ಸಭೆಯಲ್ಲಿಲ್ಲ. ಸಂಕ್ರಾಂತಿ ಕಳೆದೊಡನೆ ತಂದೆತಾಯಿಗಳು ಅವನನ್ನೂ ಕರೆದುಕೊಂಡು ಹೋದರು. ಯುಗಾದಿಗೆ ಬರುವೆವೆಂದು ಹೇಳಿರುವರಂತೆ. ಅವನ ಚಿತ್ರವನ್ನು ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಗೆ ಹಚ್ಚಿದೆ. ಸಭೆ ಮುಗಿದ ಮೇಲೆ ಹೋಗುವಾಗ ನೋಡಬಹುದು. ಬಾಗಿಲಿನ ಮೇಲಿನ ಅಕ್ಷರಗಳು ಬಹಳ ಸಣ್ಣವು. ಹತ್ತಿರಕ್ಕೆ ಹೋಗಿ ನೋಡಬೇಕು.